ದೇವರೊಬ್ಬ, ಹೆಸರು ಹಲವು

ದೇವರೊಬ್ಬ, ಹೆಸರು ಹಲವು ಎಂಬುದು ಕನ್ನಡ ನಾಡಿನಲ್ಲಿ ಎಲ್ಲ ಮತದವರ ಬಾಯಲ್ಲೂ ಇರುವ ಮಾತು. ಸರ್ವಧರ್ಮ ಸಭೆಗಳಲ್ಲಿ, ಶಾಲೆಯ ಗೋಡೆಗಳ ಮೇಲೆ, ಜಾತ್ರೆಯ ಭಾಷಣಗಳಲ್ಲಿ ಅದು ಸೌಹಾರ್ದದ ಮಾತಾಗಿಯೇ ಬರುತ್ತದೆ: ನಿಮ್ಮ ದೇವರೂ ನಮ್ಮ ದೇವರೂ ಬೇರೆಯಲ್ಲ, ಕರೆಯುವ ಹೆಸರಷ್ಟೇ ಬೇರೆ. ಈ ಅರ್ಥ ಎಷ್ಟು ರೂಢಿಯಾಗಿದೆಯೆಂದರೆ, ಇದಕ್ಕೆ ಇನ್ನೊಂದು ಅರ್ಥ ಇದ್ದೀತೆಂಬ ಅನುಮಾನವೇ ಸಾಮಾನ್ಯವಾಗಿ ಹುಟ್ಟುವುದಿಲ್ಲ.

ಮಾತಿನ ಬೇರು 12ನೇ ಶತಮಾನದ ಬಸವಣ್ಣನವರ ಒಂದು ವಚನದಲ್ಲಿದೆ. ಅಲ್ಲಿ ಅದು ಆರಂಭ ಮಾತ್ರ. ಮುಂದೆ ಪತಿವ್ರತೆಯ ದೃಷ್ಟಾಂತ ಬರುತ್ತದೆ. ನಿಷ್ಠೆ ತಪ್ಪಿ ಬೇರೊಂದಕ್ಕೆ ತಲೆಬಾಗಿದರೆ ಆಗುವ ಕಠಿಣ ಶಿಕ್ಷೆಯ ಮಾತು ಬರುತ್ತದೆ. ಹಲವು ದೈವಗಳ ಪ್ರಸಾದಕ್ಕೆ ಕೈಯೊಡ್ಡುವವರ ಮೇಲಿನ ತಿರಸ್ಕಾರದಲ್ಲಿ ವಚನ ಮುಗಿಯುತ್ತದೆ. ಅಂದರೆ ಇಲ್ಲಿ ಒತ್ತು ಇರುವುದು ಹೆಸರುಗಳ ಸಮಾನತೆಯ ಮೇಲಲ್ಲ, ಒಬ್ಬನೇ ದೇವರಿಗೆ ಸಲ್ಲಬೇಕಾದ ನಿಷ್ಠೆಯ ಮೇಲೆ. ಇಂದು ಎಲ್ಲರನ್ನೂ ಒಳಗೆ ಕರೆಯುವ ಮಾತು ತನ್ನ ಮೂಲದಲ್ಲಿ ಹಲವು ಬಾಗಿಲುಗಳನ್ನು ಮುಚ್ಚುವ ಮಾತಾಗಿತ್ತು.

ಗ್ರಂಥಗಳ ತಾತ್ಪರ್ಯ ನಿರ್ಣಯಕ್ಕೆ ಮೀಮಾಂಸಕರು ಆರು ಗುರುತುಗಳನ್ನು ಹೇಳುತ್ತಾರೆ: ಉಪಕ್ರಮ ಮತ್ತು ಉಪಸಂಹಾರಗಳ ಹೊಂದಿಕೆ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಮೊದಲನೆಯ ಗುರುತು ಈ ವಚನಕ್ಕೆ ನೇರವಾಗಿ ಅನ್ವಯಿಸುತ್ತದೆ. ಆರಂಭವನ್ನು ಕೊನೆಯೊಡನೆ ಕೂಡಿಸಿ ಓದಿದರೆ ಏಕನಿಷ್ಠೆಯೇ ತಾತ್ಪರ್ಯ. ಆರಂಭವನ್ನಷ್ಟೇ ಕತ್ತರಿಸಿ ಓದಿದರೆ ಸಮನ್ವಯ. ಎರಡನೆಯ ಓದು ತಪ್ಪೆಂದು ತಳ್ಳಿಹಾಕುವುದು ಸರಿಯಾಗದು. ಜನರ ಬಾಯಲ್ಲಿ ಗಾದೆಯಾದ ಮೇಲೆ ಮಾತಿಗೆ ತನ್ನದೇ ಬಾಳು ಬರುತ್ತದೆ. ಆದರೆ ಆ ಓದು ಬಸವಣ್ಣನವರದೆಂದು ಹೇಳುವುದು ಕಷ್ಟ.

ಗಾದೆಯ ಎರಡು ಅರ್ಧಗಳನ್ನು ಬೇರೆ ಬೇರೆ ಮತಗಳು ಹೇಗೆ ಒಪ್ಪುತ್ತವೆಂಬುದನ್ನು ನೋಡಲು ಕೊಪ್ಪಳ ಸೀಮೆ ಬಿಟ್ಟು ದೂರ ಹೋಗಬೇಕಿಲ್ಲ. ಗಂಗಾವತಿ ಕಡೆಯ ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯ ನವವೃಂದಾವನದಲ್ಲಿ ಮಾಧ್ವ ಯತಿಗಳ ವೃಂದಾವನಗಳಿವೆ. ವ್ಯಾಸರಾಯರದೂ ಅಲ್ಲೇ ಇದೆ. ಮಧ್ವಮತದಲ್ಲಿ ಗಾದೆಯ ಎರಡೂ ಅರ್ಧಗಳು ನಿಲ್ಲುತ್ತವೆ: ಪರದೈವ ಒಬ್ಬನೇ, ವೇದದ ಎಲ್ಲ ನಾಮಗಳೂ ಮುಖ್ಯಾರ್ಥದಲ್ಲಿ ಅವನವೇ. ಆದರೆ ಆ ಒಬ್ಬ ವಿಷ್ಣು. ಉಳಿದ ದೇವತೆಗಳು ಅವನ ಬೇರೆ ಹೆಸರುಗಳಲ್ಲ, ತಾರತಮ್ಯವುಳ್ಳ ಬೇರೆಯೇ ಜೀವರು. ಎಲ್ಲವೂ ಕೊನೆಗೆ ಒಂದೇ ಎನ್ನುವ ಅದ್ವೈತವನ್ನು ವ್ಯಾಸರಾಯರು ‘ನ್ಯಾಯಾಮೃತ’ದಲ್ಲಿ ಖಂಡಿಸಿದರು, ಅದಕ್ಕೆ ಮಧುಸೂದನ ಸರಸ್ವತಿಯವರು ‘ಅದ್ವೈತಸಿದ್ಧಿ’ ಬರೆದು ಉತ್ತರ ಕೊಟ್ಟರು. ಒಂದೇ ವೇದವನ್ನು ಪ್ರಮಾಣವೆಂದು ಒಪ್ಪಿದವರ ನಡುವಿನ ವಾದ ಇದು.

ಇಸ್ಲಾಂ ಮೊದಲ ಅರ್ಧವನ್ನು ಯಾವ ರಿಯಾಯಿತಿಯೂ ಇಲ್ಲದೆ ಒಪ್ಪುತ್ತದೆ. ಅಲ್ಲಾಹನಿಗೆ 99 ನಾಮಗಳನ್ನು ಹೇಳುವ ಪರಂಪರೆಯೂ ಅಲ್ಲಿದೆ. ಆ ನಾಮಗಳು ಕರುಣೆ, ನ್ಯಾಯ, ಒಡೆತನ ಮೊದಲಾದ ಗುಣಗಳನ್ನು ಹೇಳುತ್ತವೆಯೇ ಹೊರತು ಬೇರೆ ಮತಗಳ ದೇವರನ್ನು ಒಳಗೊಳ್ಳುವುದಿಲ್ಲ. ಜೈನರಿಗಂತೂ ಗಾದೆ ಮೊದಲ ಪದದಲ್ಲೇ ಎಡವುತ್ತದೆ. ಕೊಪ್ಪಳ ಹಿಂದೆ ಕೊಪಣವೆಂಬ ಹೆಸರಿನ ದೊಡ್ಡ ಜೈನ ತೀರ್ಥವಾಗಿತ್ತು. ಅಲ್ಲಿಗೆ ಬಂದು ಸಲ್ಲೇಖನ ವ್ರತ ಹಿಡಿದವರು ಜಗತ್ತನ್ನು ಸೃಷ್ಟಿಸಿದ ಒಬ್ಬ ದೇವರನ್ನು ನಂಬಿದವರಲ್ಲ. ಜಗತ್ತು ಅನಾದಿ, ಪೂಜೆ ಕರ್ಮ ಕಳೆದು ಮುಕ್ತರಾದವರಿಗೆ, ಅಂಥ ಸಿದ್ಧರು ಒಬ್ಬರಲ್ಲ, ಅನಂತ. ಜೈನರನ್ನೂ ಒಟ್ಟಿಗೆ ಕೂರಿಸಿ ಈ ಗಾದೆ ಹೇಳುವ ಸಭೆ ಅವರ ತತ್ತ್ವವನ್ನು ಕೇಳದೆಯೇ ಅವರ ಪರವಾಗಿ ಒಪ್ಪಿಗೆ ಕೊಟ್ಟಂತೆ.

ಬರಹದ ಅರ್ಥ ಒಂದು ಪದದ ಓದಿನಿಂದ ಎಷ್ಟು ತಿರುಗಬಲ್ಲದೆಂಬುದಕ್ಕೂ ಕೊಪ್ಪಳದಲ್ಲೇ ಸಾಕ್ಷಿಯಿದೆ. ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಕಿರು ಬಂಡೆಗಲ್ಲು ಶಾಸನದ ಪ್ರತಿಗಳು 1931ರಲ್ಲಿ ಬೆಳಕಿಗೆ ಬಂದವು. ಈ ಶಾಸನದಲ್ಲಿ ಜಂಬೂದ್ವೀಪದ ದೇವರುಗಳ ಬಗ್ಗೆ ಒಂದು ಮಾತಿದೆ. ಬೇರೆಡೆಯ ಪ್ರತಿಗಳನ್ನು ಮೊದಲು ಓದಿದ ವಿದ್ವಾಂಸರಲ್ಲಿ ಕೆಲವರು, ನಿಜವೆನಿಸಿದ್ದ ದೇವರುಗಳು ಈಗ ಸುಳ್ಳಾದರು ಎಂದು ಅರ್ಥ ಮಾಡಿದರು. ಆ ಓದಿನಲ್ಲಿ ಅಶೋಕ ಹಳೆಯ ದೇವರುಗಳನ್ನು ಕೆಡವಿದ ಅರಸನಾಗಿ ಕಂಡ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಪ್ರತಿಯ ಪಾಠದಿಂದ ಅಲ್ಲಿರುವುದು ‘ಬೆರೆ’ ಎಂಬ ಅರ್ಥದ ಪದವೆಂಬುದು ಗಟ್ಟಿಯಾಯಿತು: ಮೊದಲು ಮನುಷ್ಯರೊಡನೆ ಬೆರೆಯದಿದ್ದ ದೇವರುಗಳು ಈಗ ಬೆರೆತಿದ್ದಾರೆ. ಧರ್ಮದ ಪ್ರಯತ್ನದಿಂದ ಸ್ವರ್ಗ ಜನರ ಕೈಗೆಟುಕಿತೆಂದೇ, ದಿವ್ಯರೂಪಗಳ ಮೆರವಣಿಗೆಯ ಸೂಚನೆಯೇ ಎಂಬ ಚರ್ಚೆ ಉಳಿದಿದೆ. ದೇವನಿಂದೆ ಎಂದು ಓದಿಸಿಕೊಂಡ ಸಾಲು ದೇವರೂ ಮನುಷ್ಯರೂ ಕೂಡಿದ ಸುದ್ದಿಯಾಯಿತು.

ಪಂಡಿತರ ವಾದ ಗಾದೆಯ ಮೊದಲ ಅರ್ಧದ ಮೇಲಾದರೆ, ಜನರ ಬದುಕು ಎರಡನೆಯ ಅರ್ಧದಲ್ಲಿದೆ. ಮುನಿರಾಬಾದಿನಲ್ಲಿ ರೈಲಿಳಿದ ಭಕ್ತರು ತುಂಗಭದ್ರೆಯ ದಂಡೆಯ ಹುಲಿಗಿಗೆ, ಹುಲಿಗೆಮ್ಮನ ಗುಡಿಗೆ ಹೋಗುತ್ತಾರೆ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗಳಲ್ಲಿ ಜನಸಂದಣಿ ಹೆಚ್ಚು. ಸವದತ್ತಿಗೆ ತಪ್ಪದೆ ನಡೆದುಕೊಳ್ಳುತ್ತಿದ್ದ ಭಕ್ತರಿಗಾಗಿ ಎಲ್ಲಮ್ಮನೇ ಇಲ್ಲಿಗೆ ಬಂದು ನೆಲೆಸಿದಳೆಂದು ಐತಿಹ್ಯ. ಕೊರಳಲ್ಲಿ ಇಷ್ಟಲಿಂಗ ಧರಿಸಿದ ಮನೆತನದವರೂ ಇಲ್ಲಿ ಹರಕೆ ತೀರಿಸುತ್ತಾರೆ. ವಚನದ ಕಟ್ಟುನಿಟ್ಟಿನ ಓದಿನಲ್ಲಿ ಇದಕ್ಕೆ ಎಡೆಯಿಲ್ಲ. ಮೊಹರಂನಲ್ಲಿ ಈ ಭಾಗದ ಹಳ್ಳಿಗಳಲ್ಲಿ ಅಲಾಯಿ ದೇವರು, ಅಂದರೆ ಪಂಜಾಗಳು, ಕೂರುತ್ತವೆ. ಮುಸ್ಲಿಮರ ಮನೆಯೇ ಇಲ್ಲದ ಕೆಲವು ಊರುಗಳಲ್ಲೂ ಹಿಂದೂಗಳು ಫಕೀರರಾಗಿ, ಪಂಜಾಗಳಿಗೆ ಸಕ್ಕರೆ ಓದಿಸಿ, ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ. ಪಂಜಾಗಳನ್ನು ‘ದೇವರು’ ಎನ್ನುವುದನ್ನು ಹಲವು ಮೌಲವಿಗಳು ಒಪ್ಪುವುದಿಲ್ಲ, ಮತ್ತು ಗ್ರಂಥದ ದೃಷ್ಟಿಯಿಂದ ಅವರ ಆಕ್ಷೇಪ ಸರಿಯೇ. ಹರಕೆ ಹೊತ್ತವರಿಗೆ ಆ ಪ್ರಶ್ನೆ ಏಳುವುದೇ ಇಲ್ಲ. ದೇವರು ಎಷ್ಟು ಮಂದಿ ಎಂದು ಅವರು ಎಣಿಸಿದವರಲ್ಲ; ಕರೆದಾಗ ಯಾರು ಓಗೊಟ್ಟರು ಎಂಬುದಷ್ಟೇ ಅವರ ಲೆಕ್ಕ.

ಇನ್ನೊಬ್ಬರ ದೇವರನ್ನು ಗೌರವಿಸಲು ಆ ದೇವರೂ ತನ್ನ ದೇವರೂ ಒಂದೇ ಎಂದು ನಂಬಲೇಬೇಕೆ? ಬೇಡವೆನ್ನುವ ಎರಡು ಹಳೆಯ ಬರಹಗಳು ಈ ನಾಡಿನಲ್ಲೇ ಇವೆ. ಅಶೋಕನ 12ನೇ ಬಂಡೆಗಲ್ಲು ಶಾಸನ ಎಲ್ಲ ಪಂಥಗಳೂ ಒಂದೇ ಎನ್ನುವುದಿಲ್ಲ. ತನ್ನ ಪಂಥವನ್ನು ಅಕಾಲದಲ್ಲಿ ಹೊಗಳಿಕೊಳ್ಳಬಾರದು, ಪರರದನ್ನು ಹಳಿಯಬಾರದು, ಒಬ್ಬರು ಇನ್ನೊಬ್ಬರ ಧರ್ಮವನ್ನು ಕೇಳಿಸಿಕೊಳ್ಳಬೇಕು ಎನ್ನುತ್ತದೆ. ಅದರ ಒಂದು ಪ್ರತಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನಲ್ಲಿ ಸಿಕ್ಕಿತು. ಎರಡನೆಯ ಬರಹ 9ನೇ ಶತಮಾನದ ‘ಕವಿರಾಜಮಾರ್ಗ’. ಕನ್ನಡದ ತಿರುಳು ನಾಡನ್ನು ಗುರುತಿಸುವಾಗ ಕೊಪಣವನ್ನೂ ಹೆಸರಿಸುವ ಈ ಗ್ರಂಥ, ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವುದೇ ನಿಜವಾದ ಸಂಪತ್ತೆಂದು ಹೇಳುತ್ತದೆ. ಸೈರಿಸಬೇಕೆಂದರೆ ಎದುರಿಗಿರುವುದು ತನ್ನದಕ್ಕಿಂತ ಬೇರೆಯಾಗಿಯೇ ಇರಬೇಕು. ಜೈನನೂ ಮಾಧ್ವನೂ ಮುಸ್ಲಿಮನೂ ತಮ್ಮ ಸಿದ್ಧಾಂತ ಬಿಡದೆ ಒಪ್ಪಬಹುದಾದ ನಿಲುವು ಗಾದೆಗಿಂತ ಇದರಲ್ಲಿ ಹೆಚ್ಚಾಗಿದೆ.