ಹಗೇವು ಮತ್ತು ಪರಿಗ್ರಹ ಪರಿಮಾಣ

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಎರೆಭೂಮಿಯಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿಡುವುದು ಹಿಂದೆ ವಾಡಿಕೆಯಾಗಿತ್ತು. ನೆಲವನ್ನು ಆಳವಾಗಿ ಅಗೆದು, ತಳಕ್ಕೂ ಸುತ್ತಲಿನ ಗೋಡೆಗೂ ಒಣಗಿದ ಕಣಿಕೆಯನ್ನೋ ಹೊಟ್ಟನ್ನೋ ಹೊಂದಿಸಿ, ಜೋಳ ಸುರಿದು, ಕಿರಿದಾದ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಆ ಗುಂಡಿಯಲ್ಲಿ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿದ ಶ್ರಾವಕನು ಇಂತಹ ಹಗೇವನ್ನು ಇಟ್ಟುಕೊಳ್ಳಬಹುದೇ?

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತದ ಐದು ಅತಿಚಾರಗಳನ್ನು ಹೇಳುವಾಗ ಅತಿಸಂಗ್ರಹವನ್ನೂ ಎಣಿಸಿದ್ದಾರೆ. ತತ್ತ್ವಾರ್ಥಸೂತ್ರವಾದರೋ ಕ್ಷೇತ್ರ, ವಾಸ್ತುಗಳ ಸಾಲಿನಲ್ಲಿಯೇ ಧನಧಾನ್ಯಗಳ ಪ್ರಮಾಣವನ್ನು ಮೀರುವುದನ್ನು ಅತಿಚಾರವೆನ್ನುತ್ತದೆ.

ಮನೆಯೊಳಗಿನ ಕಣಜದ ಮಾತು ಬೇರೆ. ಅಲ್ಲಿ ಕಾಳು ಬಹುಕಾಲ ನಿಂತರೆ ನುಸಿ ಹುಟ್ಟುತ್ತದೆ. ತ್ರಸಜೀವಗಳಿರುವ ಧಾನ್ಯವನ್ನು ಬೀಸುವಂತಿಲ್ಲ, ಉರಿಬಿಸಿಲಿಗೆ ಹರಡುವಂತಿಲ್ಲ. ಆದುದರಿಂದ ಹೆಚ್ಚಾದುದನ್ನು ಸಕಾಲದಲ್ಲಿ ಮಾರುವುದೋ ದಾನ ಮಾಡುವುದೋ ಗೃಹಸ್ಥನಿಗೆ ಅನಿವಾರ್ಯ. ಅಹಿಂಸಾಣುವ್ರತವೇ ಅಲ್ಲಿ ಲೋಭಕ್ಕೆ ಕಡಿವಾಣ. ಹಗೇವು ಈ ಕಡಿವಾಣವನ್ನು ಕಳಚಿಬಿಡುತ್ತದೆ. ಹುಳುವಿನ ಭಯವಿಲ್ಲ, ನೆರೆಯವನಿಗೆ ಲೆಕ್ಕ ತಿಳಿಯದು, ಕೆಲವೊಮ್ಮೆ ಒಡೆಯನಿಗೇ ಮರೆತಿರುತ್ತದೆ!

ಹಾಗೆಂದು ಹಗೇವೆಂದರೆ ಅತಿಸಂಗ್ರಹವೇ ಎನ್ನುವವರ ಮಾತು ಒಪ್ಪತಕ್ಕದ್ದಲ್ಲ. ಮಳೆಯನ್ನು ನಂಬಲಾಗದ ಸೀಮೆಯಿದು. 1876–78ರ ಕ್ಷಾಮವನ್ನು ಅಂದಿನ ಧಾರವಾಡ ಜಿಲ್ಲೆ ಕಂಡಿದೆ. ಮನೆಯಲ್ಲಿ ಕಾಳಿಲ್ಲದವನು ಆಹಾರದಾನವನ್ನು ಹೇಗೆ ನಡೆಸಿಯಾನು? ಸುಗ್ಗಿಗೆ ಮೊದಲೇ ಇಷ್ಟು ಚೀಲವೆಂದು ನಿಯಮ ಮಾಡಿಕೊಂಡವನಿಗೆ ಹಗೇವು ದೋಷಕರವಲ್ಲ. ರಾಶಿಯನ್ನು ನೋಡಿದ ಮೇಲೆ ಪ್ರಮಾಣವನ್ನು ಹಿಗ್ಗಿಸುವವನೂ, ಬೆಲೆ ಏರಲೆಂದು ಬರಗಾಲದಲ್ಲಿಯೂ ಕಲ್ಲು ಸರಿಸದವನೂ ವ್ರತವನ್ನು ಮಣ್ಣಿನಲ್ಲಿ ಹೂಳುತ್ತಾರೆ.

ಇನ್ನೊಂದು ಸೂಕ್ಷ್ಮವಿದೆ. ಹಗೇವಿನೊಳಗೆ ಪ್ರಾಣವಾಯು ತೀರಿ ಇಂಗಾಲಾಮ್ಲ ತುಂಬುತ್ತದೆ. ಬಾಯಿ ತೆರೆದೊಡನೆ ಇಳಿದವರು ಸತ್ತದ್ದುಂಟು. ಅದಕ್ಕಾಗಿಯೇ ಮೊದಲು ದೀಪವನ್ನು ಇಳಿಬಿಟ್ಟು ನೋಡುವ ಪದ್ಧತಿ. ಆ ಗಾಳಿಯಲ್ಲಿ ಹುಳುವೂ ಬದುಕದು. ಚೆನ್ನಾಗಿ ಒಣಗಿಸಿ, ಶೋಧಿಸಿ, ನಿರ್ಜಂತುಕವಾದ ಕಾಳನ್ನೇ ಸುರಿದವನಿಗೆ ಸಂಕಲ್ಪೀ ಹಿಂಸೆಯ ದೋಷ ಬಾರದು. ಕಣ್ತಪ್ಪಿ ಉಳಿದುದು ಆರಂಭೀ ಹಿಂಸೆಗೆ ಸೇರುತ್ತದೆ. ನುಸಿ ಹಿಡಿದ ಕಾಳನ್ನು, ಒಳಗೇ ಸಾಯಲಿ ಎಂದು ಸುರಿಯುವವನು ವಿಷದ ಗುಳಿಗೆಯಿಟ್ಟು ಕೊಲ್ಲುವವನಿಗಿಂತ ಭಿನ್ನನಲ್ಲ.

ಈಗ ಹಗೇವುಗಳು ಬಹುಮಟ್ಟಿಗೆ ಮುಚ್ಚಿಹೋಗಿವೆ. ಧಾನ್ಯ ಚೀಲಗಳಲ್ಲಿ ಗೋದಾಮಿಗೆ ಹೋಗುತ್ತದೆ. ಅಲ್ಲಿ ವಿಷವಾಯು ಹಾಯಿಸುವ ಕೈ ಬೇರೆಯವರದು; ಬಾಡಿಗೆ ಕೊಡುವವನು ಶ್ರಾವಕ. ಇದು ಕಾರಿತಕ್ಕೆ ಸೇರುವುದೋ ಅನುಮೋದನೆಗೋ ಎಂಬುದನ್ನು ತ್ಯಾಗಿಗಳೂ ಪಂಡಿತರೂ ವಿಚಾರಿಸಿ ತಿಳಿಸಬೇಕಾಗಿದೆ.