ಕ್ಲಿಪ್ ಹಾಕಿದ ಹಲ್ಲು, ಹಲ್ಲುಜ್ಜದ ವ್ರತ

ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಬಾಹುಬಲಿ, ದೇಹದ ಹಂಗು ತೊರೆದವನ ಮೂರ್ತಿ. ಅದೇ ಹಾದಿ ಹಿಡಿದ ದಿಗಂಬರ ಜೈನ ಮುನಿಗಳ 28 ಮೂಲಗುಣಗಳಲ್ಲಿ ಸ್ನಾನ ಮಾಡದಿರುವುದು, ಕೂದಲನ್ನು ಕೈಯಿಂದಲೇ ಕೀಳುವುದು ಇವುಗಳ ಜೊತೆಗೆ ಅದಂತಧಾವನವೂ ಇದೆ. ಹಲ್ಲುಜ್ಜದಿರುವುದೇ ಆ ವ್ರತ. ಕಾರ್ಕಳವಿರುವ ಉಡುಪಿ ಜಿಲ್ಲೆಯದೇ ಮಣಿಪಾಲದಲ್ಲಿ 1965ರಿಂದ ದಂತವೈದ್ಯ ಕಾಲೇಜು ನಡೆಯುತ್ತಿದೆ. ಹಲ್ಲನ್ನು ಲೆಕ್ಕಕ್ಕೇ ಇಡದ ವಿರಕ್ತಿಗೆ ಕೈಮುಗಿಯುವ ಊರಿನವರು ಮಗಳ ಉಬ್ಬುಹಲ್ಲಿಗೆ ಕ್ಲಿಪ್ ಹಾಕಿಸಿದರೆ ಅದು ಆಷಾಢಭೂತಿತನವೇ? ಅಲ್ಲವೆಂದೇ ನನ್ನ ವಾದ. ವೈರಾಗ್ಯ ತಾನಾಗಿ ತೊಟ್ಟುಕೊಳ್ಳುವ ವ್ರತ, ಮನೆಯ ಮಕ್ಕಳ ಮೇಲೆ ಹೇರುವಂಥದ್ದಲ್ಲ. ಗೃಹಸ್ಥನಿಗೆ ಜೈನಧರ್ಮ ಹೇಳಿದ ಚತುರ್ವಿಧ ದಾನಗಳಲ್ಲಿ ಆಹಾರ, ಶಾಸ್ತ್ರ, ಅಭಯಗಳ ಸಾಲಿನಲ್ಲೇ ಔಷಧವೂ ಇದೆ. ಜೈನಾಚಾರ್ಯ ಪೂಜ್ಯಪಾದರ ವೈದ್ಯಗ್ರಂಥ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದ ಜಗದ್ದಳ ಸೋಮನಾಥನಿಗೂ ಧರ್ಮ, ಚಿಕಿತ್ಸೆ ಎರಡೂ ಒಟ್ಟಿಗೇ ನಡೆದವು.

ದೇವರು ಕೊಟ್ಟ ರೂಪವನ್ನು ತಿದ್ದಬಹುದೇ ಎಂಬುದು ಇನ್ನೊಂದು ಆಕ್ಷೇಪ. ಜೈನರಾದರೆ ಇದನ್ನೇ ದೇಹದ ರೂಪ ನಿರ್ಧರಿಸುವ ನಾಮಕರ್ಮದ ಫಲ ಎಂದಾರು. ಫಲವೇ ಇರಲಿ, ಜ್ವರವೂ ಕರ್ಮಫಲವೇ, ಅದಕ್ಕೆ ಮದ್ದು ಬೇಡ ಎಂದವರಿಲ್ಲ. ಅದಿರಲಿ, ‘ಕೊಟ್ಟ ರೂಪ’ ಎಂಬುದು ಬಾಯಲ್ಲಿ ಸ್ಥಿರವಾಗಿ ಕೂತಿರುವುದೂ ಇಲ್ಲ. ಹಲ್ಲು ದವಡೆಯ ಎಲುಬಿಗೆ ನೇರವಾಗಿ ಅಂಟಿಕೊಂಡಿಲ್ಲ, ನಡುವೆ ನಾರಿನ ತೆಳುಪದರವಿದೆ. ತಂತಿ ಹಗುರಾಗಿ ಎಳೆದಾಗ ಒತ್ತಡ ಬಿದ್ದ ಕಡೆ ಎಲುಬು ಕರಗುತ್ತದೆ, ಹಿಂಬದಿಯಲ್ಲಿ ಹೊಸ ಎಲುಬು ಕಟ್ಟುತ್ತದೆ, ಹಲ್ಲು ನಿಧಾನವಾಗಿ ಸರಿಯುತ್ತದೆ. ಚಿಕಿತ್ಸೆಗೆ ಸಾಮಾನ್ಯವಾಗಿ ಒಂದೂವರೆ-ಎರಡು ವರ್ಷ ಹಿಡಿಯುವುದು ಅದಕ್ಕೇ. ಅವಸರಕ್ಕೆ ಜೋರಾಗಿ ಎಳೆದರೆ ಬೇರಿಗೇ ಪೆಟ್ಟು. ತಂತಿ ಬಿಗಿ ಮಾಡಿಸಿಕೊಂಡು ಬಂದ ಮೇಲೆ ಎರಡು-ಮೂರು ದಿನ ಕುಚ್ಚಲಕ್ಕಿ ಗಂಜಿಯೇ ಗತಿ, ಚಕ್ಕುಲಿಯ ಮಾತೇ ಇಲ್ಲ. ಕ್ಲಿಪ್ ಇಲ್ಲದಿದ್ದರೂ ಪಕ್ಕದ ಹಲ್ಲು ಕಿತ್ತರೆ ಉಳಿದವು ಆ ಕಡೆ ವಾಲುತ್ತವೆ. ವೈದ್ಯರು ಬಳಸಿಕೊಳ್ಳುವುದು ದೇಹಕ್ಕೆ ಮೊದಲೇ ಇರುವ ಈ ಗುಣವನ್ನೇ.

ಇದೆಲ್ಲ ಬರೀ ಚಂದಕ್ಕಲ್ಲವೇ ಎಂಬ ಆಕ್ಷೇಪವನ್ನು ಮಾತ್ರ ಸುಲಭವಾಗಿ ತಳ್ಳಿಹಾಕುವಂತಿಲ್ಲ. ಒತ್ತೊತ್ತಾದ ಹಲ್ಲಿನ ಸಂದಿಯನ್ನು ಸ್ವಚ್ಛ ಮಾಡುವುದು ಕಷ್ಟ, ಮುಂದಕ್ಕೆ ಚಾಚಿದ ಹಲ್ಲು ಬಿದ್ದಾಗ ಬೇಗ ಮುರಿಯುತ್ತದೆ. ಇಂಥಲ್ಲಿ ಚಿಕಿತ್ಸೆಗೆ ಗಟ್ಟಿ ಕಾರಣವಿದೆ. ಅಗಿಯಲು ತೊಂದರೆಯಿಲ್ಲ, ಮಗುವಿಗೂ ಬೇಕಿಲ್ಲ, ನಾಳೆ ಗಂಡಿನ ಕಡೆಯವರು ಏನೆಂದಾರು ಎಂಬ ಅಂಜಿಕೆಯಷ್ಟೇ ಇದೆ ಎಂದಾದರೆ ಅಲ್ಲಿ ಔಷಧದಾನದ ಮಾತು ನಿಲ್ಲದು. ವೈರಾಗ್ಯವನ್ನು ಹೇರಬಾರದೆಂದ ಮೇಲೆ ಸೌಂದರ್ಯವನ್ನೂ ಹೇರಬಾರದು. ಹಾಗಾಗಿ ಕಾಪುವಿನಿಂದಲೋ ಕಾರ್ಕಳದಿಂದಲೋ ಚಿಕಿತ್ಸೆಗೆಂದು ಮಣಿಪಾಲಕ್ಕೆ ಹೊರಟವರು ವಕ್ರದಂತ ಚಿಕಿತ್ಸೆಯಲ್ಲೇ ಎಂಡಿಎಸ್ ಮಾಡಿದವರು ಯಾರು, ಹಲ್ಲು ಕೀಳಬೇಕಾದೀತೇ, ಒಟ್ಟು ಖರ್ಚೆಷ್ಟು ಎಂದು ಕೇಳುವುದರ ಜೊತೆಗೆ, ಮಾಡಿಸದೆ ಬಿಟ್ಟರೆ ಏನಾಗುತ್ತದೆ ಎಂದೂ ಮಗುವಿನ ಎದುರೇ ಕೇಳಬೇಕು. ತಂತಿ ಬಿಚ್ಚಿದ ಮೇಲೂ ರಿಟೇನರ್ ಹಾಕಿಕೊಳ್ಳಬೇಕಾಗುತ್ತದೆ, ಇಲ್ಲವಾದರೆ ಹಲ್ಲು ಹಳೆಯ ಜಾಗಕ್ಕೆ ಹೊರಳುತ್ತದೆ. ದಿನಾ ರಾತ್ರಿ ಅದನ್ನು ಹಾಕಿಕೊಂಡು ಮಲಗಬೇಕಾದವಳು ಮಗಳೇ ಹೊರತು ಅಪ್ಪ ಅಮ್ಮ ಅಲ್ಲ.