ಇಳಿಜಾರಿನ ಲೆಕ್ಕ

ಬಲಮಂಡಿಯ ಗಾಯದ ಗೆರೆಯ ಹೊರಮಗ್ಗುಲಿನ ಚರ್ಮಕ್ಕೆ ಈಗಲೂ ಸ್ಪರ್ಶ ತಿಳಿಯುವುದಿಲ್ಲ. ಒಳಗಿರುವುದು ಲೋಹ, ಲೋಹಗಳ ನಡುವೆ ಒಂದು ಪ್ಲಾಸ್ಟಿಕ್ ಬಿಲ್ಲೆ. ಮೆಟ್ಟಿಲಿಳಿಯುವಾಗ ಒಮ್ಮೊಮ್ಮೆ ‘ಟಕ್’ ಎನ್ನುತ್ತದೆ. ವಿಜಯವಾಡದಲ್ಲಿ ಮಗಳ ಮನೆಯಲ್ಲಿದ್ದುಕೊಂಡು ಆಪರೇಷನ್ ಮಾಡಿಸಿಕೊಂಡೆ. ಮೊದಲು ವಾಕರ್, ಆಮೇಲೆ ಊರುಗೋಲು, ಕೊನೆಗೆ ಪ್ರಕಾಶಂ ಬ್ಯಾರೇಜಿನ ಮೇಲೆ ಸಂಜೆಯ ನಡಿಗೆ. ಅಲ್ಲಿ ನಿಂತ ಕೃಷ್ಣೆ ನಮ್ಮ ಜಮಖಂಡಿ ಸೀಮೆಯನ್ನು ದಾಟಿ, ಆಲಮಟ್ಟಿ, ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರ ಎಂದು ತಡೆದು ತಡೆದು ಬಂದವಳು. ಅವಳನ್ನು ನೋಡುತ್ತ ಎಷ್ಟೋ ಸಂಜೆ ನಿಂತಿದ್ದೇನೆ.

ನಡೆಯಿರಿ, ಜಿಗಿಯಬೇಡಿ ಎಂದಿದ್ದರು ವೈದ್ಯರು. ಬೆನ್ನಚೀಲ ಮಾತ್ರ ಅಟ್ಟದಿಂದ ಇಳಿದಿರಲಿಲ್ಲ. ನನ್ನನ್ನು ತಡೆದದ್ದು ನೋವಲ್ಲ. ಮೂವತ್ತು ವರ್ಷ ಬೆಟ್ಟ ಹತ್ತಿದ ಕಾಲು ಹೋಯಿತು. ಈ ಕಾಲಿನಲ್ಲಿ ನಡೆಯುವವಳು ನಾನೇ ಹೌದೇ ಎಂಬ ಪ್ರಶ್ನೆ.

ಅದಕ್ಕೆ ಉತ್ತರದ ಹಾಗೆ ನೆನಪಾದವರು ಯುಗಾದಿಗೆ ಮುಂಚೆ ನಮ್ಮೂರ ಹಾದಿಯಲ್ಲಿ ಸಾಗುತ್ತಿದ್ದ ಶ್ರೀಶೈಲದ ಪಾದಯಾತ್ರಿಗಳು. ಹೆಗಲ ಮೇಲೆ ಮಲ್ಲಯ್ಯನ ಕಂಬಿ. ಅವರಲ್ಲಿ ಕೆಲವರು ಹರಕೆ ಹೊತ್ತು ಮರಗಾಲು ಕಟ್ಟಿಕೊಂಡು ನಡೆಯುತ್ತಿದ್ದರು. ಮಣ್ಣು ಅವರ ಪಾದಕ್ಕೆ ತಾಗುತ್ತಿರಲಿಲ್ಲ, ತಾಗುತ್ತಿದ್ದುದು ಮರಕ್ಕೆ. ಆದರೂ ಮರ ಯಾತ್ರೆಗೆ ಹೋಯಿತು ಎಂದು ಯಾರೂ ಹೇಳಲಿಲ್ಲ. ಇಂಥವರ ಮನೆಯವನು ಹೋದ ಎಂದೇ ಹೇಳಿದರು. ಅಷ್ಟು ಸಾಕಾಯಿತು ನನಗೆ.

ಆ ನೆನಪು ಇನ್ನೊಂದನ್ನೂ ಎಳೆದು ತಂದಿತು. ಅವರ ಕೈಯಲ್ಲಿ ಸಾಮಾನು ಎಂಬುದೇ ಇರುತ್ತಿರಲಿಲ್ಲ. ದಾರಿಯ ಊರುಗಳು ಉಣ್ಣಲು ಇಟ್ಟವು, ಮಲಗಲು ಜಾಗ ಕೊಟ್ಟವು, ಕಾಲಿಗೆ ಎಣ್ಣೆ ತಿಕ್ಕಿದವು. ನಾನು ಕಲಿತ ಚಾರಣದ ಹೆಮ್ಮೆ ಇದಕ್ಕೆ ತದ್ವಿರುದ್ಧ: ಡೇರೆ, ಒಲೆ, ಅಕ್ಕಿ, ಔಷಧ ಎಲ್ಲವೂ ನನ್ನ ಬೆನ್ನ ಮೇಲೆ, ಯಾರ ಹಂಗೂ ಬೇಡ. 12 ಕಿಲೋ. ಬರ್ಲಿನ್ನಿನ ಸಂಶೋಧಕರು ಬದಲಿ ಮಂಡಿಯೊಳಗೇ ಅಳತೆಯ ಸಾಧನ ಕೂರಿಸಿ ನೋಡಿದ್ದಾರೆ. ಸಮತಟ್ಟಿನಲ್ಲಿ ನಡೆವಾಗ ಮಂಡಿಯ ಮೇಲೆ ಬೀಳುವುದು ಮೈತೂಕದ ಸುಮಾರು ಎರಡೂವರೆ ಪಟ್ಟು, ಮೆಟ್ಟಿಲಿಳಿಯುವಾಗ ಸುಮಾರು ಮೂರೂವರೆ ಪಟ್ಟು. ಆ ಲೆಕ್ಕದಲ್ಲಿ ನನ್ನ 12 ಕಿಲೋ ಇಳಿಜಾರಿನಲ್ಲಿ 40ರ ಆಚೆಗೆ. ಹತ್ತುವಾಗ ಏದುಸಿರು ಎಚ್ಚರಿಸುತ್ತದೆ; ಇಳಿಯುವಾಗ ಹಗುರವಾದೆವು ಅನಿಸುತ್ತಿರುವಾಗಲೇ ಮಂಡಿ ಸವೆಯುತ್ತಿರುತ್ತದೆ. ನನ್ನ ಹೊರೆಯಲ್ಲಿ ಅಗತ್ಯ ಎಷ್ಟಿತ್ತು, ದಾರಿಯವರ ಮೇಲಿನ ಅಪನಂಬಿಕೆ ಎಷ್ಟಿತ್ತು ಎಂದು ಆಗ ಮೊದಲ ಬಾರಿಗೆ ತೂಗಿ ನೋಡಿದೆ.

ಆಪರೇಷನ್ ಆಗಿ ಹದಿನಾಲ್ಕು ತಿಂಗಳ ಮೇಲೆ, ಆಷಾಢದ ಹುಣ್ಣಿಮೆಗೆ, ವಿಶಾಖಪಟ್ಟಣಕ್ಕೆ ಹೋದೆ. ಸಿಂಹಾಚಲದ ಗಿರಿಪ್ರದಕ್ಷಿಣೆ ಸುಮಾರು 32 ಕಿಲೋಮೀಟರ್. ಬೆಟ್ಟ ಹತ್ತುವುದಲ್ಲ, ಬೆಟ್ಟವನ್ನು ಬಲಬದಿಗಿಟ್ಟು ಸುತ್ತುವುದು. ಬುಡದಲ್ಲಿ ‘ತೊಲಿಪಾವಂಚ’, ಅಂದರೆ ಮೊದಲ ಮೆಟ್ಟಿಲು. ನಮ್ಮ ಪಾವಟಿಗೆಯ ಅಕ್ಕನಂಥ ಮಾತು. ಅಲ್ಲಿ ಕಾಯಿ ಒಡೆದು ಎಲ್ಲರೂ ಹೊರಡುತ್ತಾರೆ. 1516ರಲ್ಲಿ ಕೃಷ್ಣದೇವರಾಯ ಕಳಿಂಗದ ದಂಡಯಾತ್ರೆಯ ನಡುವೆ ಇಲ್ಲಿಗೆ ಬಂದು ದೇವರಿಗೆ ಒಡವೆಗಳನ್ನು ಒಪ್ಪಿಸಿದ್ದನ್ನು ಶಾಸನ ಹೇಳುತ್ತದೆ. ಅಷ್ಟು ದೊಡ್ಡ ದಂಡು ಕಟ್ಟಿಕೊಂಡು ಬಂದವನಿಗೂ ಇಲ್ಲಿ ಏನನ್ನಾದರೂ ಇಳಿಸಿ ಹೋಗಬೇಕೆನಿಸಿತಲ್ಲ ಎಂದು ಆ ನೂಕುನುಗ್ಗಲಿನಲ್ಲೂ ಯೋಚಿಸಿದೆ.

ನಾನು ಈ ಸುತ್ತಿನ ದಾರಿ ಸಮುದ್ರ ಮುಟ್ಟುವವರೆಗೆ ಮಾತ್ರ ನಡೆಯುವುದೆಂದು ನಿಶ್ಚಯಿಸಿದ್ದೆ. ಕೈಗೊಂದು ಕೋಲು, ಬೆನ್ನಿಗೆ 4 ಕಿಲೋ. ಸುತ್ತ ಬರಿಗಾಲು, ಬರಿಗೈ. ಕಂಕುಳಲ್ಲಿ ಕೂಸು ಬಿಟ್ಟರೆ ಬೇರೆ ಹೊರೆ ಇರುವವರೇ ಕಡಿಮೆ. ರಸ್ತೆಯುದ್ದಕ್ಕೂ ಮಜ್ಜಿಗೆ, ಪುಳಿಹೋರ, ಬಾಳೆಹಣ್ಣು ಹಿಡಿದು ನಿಂತ ಮನೆಗಳವರು.

ಹನುಮಂತವಾಕ ದಾಟಿದ ಮೇಲೆ ಮಂಡಿ ಬಿಸಿಯಾಯಿತು. ನೆಲಕ್ಕೆ ಕೂತರೆ ನನಗೆ ಏಳಲಾಗದು. ನೀರು ಹಂಚುತ್ತಿದ್ದ ಹೆಂಗಸೊಬ್ಬಳು ನನ್ನ ಕೋಲು ನೋಡಿದಳೋ ಮುಖ ನೋಡಿದಳೋ, ತಾನು ಕೂತಿದ್ದ ಕುರ್ಚಿಯಿಂದ ಎದ್ದು “ಕೂರ್ಚೋಂಡಮ್ಮಾ” ಎಂದಳು. ಮಜ್ಜಿಗೆ ಕೊಟ್ಟಳು. ಯಾವ ಊರು ಎಂದು ಕೂಡ ಕೇಳಲಿಲ್ಲ. ಬಹಳ ಹೊತ್ತು ಕೂತಿದ್ದೆ. ಚೀಲದಲ್ಲಿ ಮನೆಯಿಂದ ತುಂಬಿ ತಂದ 2 ಲೀಟರ್ ನೀರು ಮುಟ್ಟದೆ ಹಾಗೇ ಇತ್ತು. ಅದನ್ನು ಅವಳ ಡ್ರಮ್ಮಿಗೆ ಸುರಿದು ಎದ್ದೆ.